ಅಡುಗೆಮನೆಯ ಸದ್ದಿಗೊಂದು ದಾರಿ

ಫೋನು ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸವೆಂದರೆ ಮನೆಯ ಬಾಯಿ ಮುಚ್ಚಿಸುವುದು. ಮಿಕ್ಸಿ ನಿಲ್ಲುತ್ತದೆ, ನಲ್ಲಿ ನಿಲ್ಲುತ್ತದೆ, ಕುಕ್ಕರಿನ ಉರಿ ಸಣ್ಣದಾಗುತ್ತದೆ. ಆ ನಿಶ್ಶಬ್ದದಲ್ಲಿ, ಊಟ ಆಯ್ತಾ ಎಂಬಲ್ಲಿಂದ ಶುರುವಾಗಿ, ಸಕಲ ಕ್ಷೇಮದ ವರದಿ ಸಲ್ಲಿಕೆಯಾಗುತ್ತದೆ. ನನ್ನ ಹೆಂಡತಿ ವನಜಾ ಕುವೈತಿನಲ್ಲಿ ನರ್ಸ್. ನಾನು ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಾ, ಒಬ್ಬನಿಗೆ ಸಾಕಾಗುವಷ್ಟೇ ಸಾರು ಮಾಡುವ ವಿದ್ಯೆಯನ್ನು ಇನ್ನೂ ಅಭ್ಯಾಸ ಮಾಡುತ್ತಿರುವವನು. ಈ ಸಲ ಅವಳ ರಜೆ ರದ್ದಾಯಿತು. ಸುದ್ದಿ ತಿಳಿಸಿದವಳೇ ಹೇಳಿದಳು:

"ಫೋನ್ ಎತ್ತಿದ ಕೂಡ್ಲೆ ನೀವು ಭಾಷಣಕ್ಕೆ ನಿಂತವರ ಹಾಗೆ ಆಗ್ತೀರಿ ಮಾರಾಯ್ರೆ. ನಂಗೆ ಮಾತು ಬೇಡ, ಮನೆಯ ಸದ್ದು ಬೇಕು. ಬಿಡುವಾದಾಗ ನಾನೇ ಬಂದು ಕೇಳಿ ಹೋಗುದು. ನೀವು ಎತ್ತುದೂ ಬೇಡ."

ಹಾಗೆ ನಮ್ಮ ಹಳೆಯ ಕಂಪ್ಯೂಟರು ಮನೆಯ ಸರ್ವರ್ ಎಂಬ ಪದವಿಗೇರಿತು. ಅಡುಗೆಮನೆಯ ಸದ್ದು ಹಿಡಿದು ನೆಟ್ಟಿಗೆ ಕೊಡಲು ಅಕ್ಕಿ ಡಬ್ಬದ ಮೇಲೊಂದು ಮೈಕು ಕೂತಿತು. ಉಳಿದದ್ದು ಫೈರ್‌ವಾಲ್, ಅಂದರೆ ಹೊರಗಿನವರನ್ನು ತಡೆಯುವ ಕಾವಲು. ಅಲ್ಲಿ ಮಾಡಬೇಕಾದ ಏರ್ಪಾಡು ವಿಳಾಸದ ಅನುವಾದವೆಂದು ಓದಿದಾಗ, ಅನುವಾದವೆಂಬ ಶಬ್ದ ಕಂಡದ್ದೇ ನನಗೆ ಅಕಾರಣ ಧೈರ್ಯ ಬಂತು. ವಿಷಯವೂ ಹೊಸತಲ್ಲ. ನಾನು ಹುಟ್ಟಿದ ಕೊಯಿಲದಲ್ಲಿ ಹಿಂದೆ ಫೋನಿದ್ದದ್ದು ಮೋನು ಬ್ಯಾರಿಗಳ ಅಂಗಡಿಯಲ್ಲಿ ಮಾತ್ರ. ಗಲ್ಫಿನಲ್ಲಿದ್ದವರಿಗೆಲ್ಲ ಊರಿನ ನಂಬರೆಂದರೆ ಅದೊಂದೇ. "ಕಟ್ ಮಾಡಿ ಪುನಃ ಮಾಡಿ, ಮೇಲಿನ ಮನೆಯವರನ್ನು ಕರೆಸ್ತೇನೆ" ಎನ್ನುತ್ತಿದ್ದರು ಬ್ಯಾರಿಗಳು. ಹೊರಗೆ ಒಂದು ವಿಳಾಸ, ಒಳಗೆ ಹಲವು ಮನೆ; ಯಾರ ಕರೆ ಯಾವ ಮನೆಗೆಂದು ತಿಳಿದವನೊಬ್ಬ ನಡುವೆ. ನಾನು ಫೈರ್‌ವಾಲಿಗೆ ಹೇಳಬೇಕಾದದ್ದೂ ಇಷ್ಟೇ: ಗುರುತಿನ ಪದ ಹೇಳಿ ಈ ಬಾಗಿಲಿಗೆ ಬಂದವಳನ್ನು ನೇರ ಅಡುಗೆಮನೆಗೆ ಬಿಡು.

ಹೇಳಿದೆ. ಚಾವಡಿಯಲ್ಲಿ ಕೂತು, ಮನೆಯ ವೈಫೈಯಲ್ಲೇ ಹೊರಗಿನ ವಿಳಾಸ ಒತ್ತಿ ಪರೀಕ್ಷಿಸಿದೆ. ಮೌನ. ನಿಯಮ ಅಳಿಸಿದೆ, ಬರೆದೆ, ಕಂಪ್ಯೂಟರಿಗೆ ಪಾಠ ಮಾಡುವ ಧ್ವನಿಯಲ್ಲಿ ಬೈದೆ. ಆಗುವುದಿಲ್ಲವೆಂದು ಹೇಳುವುದನ್ನು ಮುಂದೂಡುತ್ತಾ ಹೋದೆ. ರಜೆ ಕಳೆದುಕೊಂಡವಳಿಗೆ ಇದೂ ಇಲ್ಲವೆನ್ನುವುದು ಹೇಗೆ? ಕೊನೆಗೆ, ಚಾವಡಿಯಲ್ಲಿ ಕೂತು ಪರೀಕ್ಷಿಸಿದ್ದನ್ನೂ ಬ್ಯಾರಿಗಳ ಅಂಗಡಿಯ ಹೋಲಿಕೆಯನ್ನೂ ಸೇರಿಸಿ, ಹೇಳಿದೆ. ವನಜಾ ನಕ್ಕಳು.

"ಅಂಗಡಿಯೊಳಗೆ ನಿಂತು ಅಂಗಡಿಯ ನಂಬ್ರಕ್ಕೇ ಫೋನ್ ಮಾಡಿದ್ರೆ ಸಿಗ್ತದಾ? ಹೊರಗೆ ಹೋಗಿ ನೋಡಿ."

ಮೊಬೈಲಿನ ನೆಟ್ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಸುಬ್ರಹ್ಮಣ್ಯದ ಬಸ್ಸು ಹತ್ತುವವರ ಗದ್ದಲದ ನಡುವೆ ಒಂದು ಕಿವಿ ಮುಚ್ಚಿ, ಇನ್ನೊಂದಕ್ಕೆ ಫೋನು ಒತ್ತಿದೆ. ನಮ್ಮ ಫ್ರಿಜ್ಜು ಗೊರಗುಟ್ಟುತ್ತಿತ್ತು. ಸರಿಯಾಗಿ ಮುಚ್ಚದ ನಲ್ಲಿಯಿಂದ ನೀರು ಪಾತ್ರೆಗೆ ಬೀಳುತ್ತಿತ್ತು. ಈಗಷ್ಟೇ ಬಿಟ್ಟುಬಂದ ಮನೆಗೆ ಓಡಿಹೋಗಬೇಕೆನಿಸಿತು. ವರ್ಷಗಟ್ಟಲೆ ಅವಳು ಇದನ್ನು ಹೇಗೆ ತಡೆದುಕೊಂಡಳೋ, ನನಗೆ ತಿಳಿಯದು.

ಅಂದಿನಿಂದ ಅವಳು ಬಂದು ಹೋಗುತ್ತಾಳೆ. ಯಾವಾಗ ಬರುತ್ತಾಳೆಂದು ನನಗೆ ಗೊತ್ತಾಗುವುದಿಲ್ಲ. ಮೊದಮೊದಲು ಒಗ್ಗರಣೆಯನ್ನು ಸ್ವಲ್ಪ ಜೋರಾಗಿಯೇ ಸಿಡಿಸುತ್ತಿದ್ದೆ, ಪಾತ್ರೆಗಳನ್ನು ಬೇಕೆಂದೇ ಕುಟ್ಟುತ್ತಿದ್ದೆ. "ನಾಟಕ ಬೇಡ" ಎಂಬ ಸಂದೇಶ ಬಂತು, ಬಿಟ್ಟೆ. ಆದರೆ ದಿನ ಕಳೆದಂತೆ ಇನ್ನೊಂದು ಕೊರತೆ ಕಾಡತೊಡಗಿತು. ಅವಳು ಒಳಗೆ ಬರಲು ದಾರಿಯಾಯಿತು; ನಾನು ಅಲ್ಲಿಗೆ ಹೋಗಲು ಯಾವ ದಾರಿಯೂ ಇರಲಿಲ್ಲ. ಅವಳಿರುವ ನರ್ಸುಗಳ ಹಾಸ್ಟೆಲಿನ ನೆಟ್ಟಿಗೂ ಫೈರ್‌ವಾಲಿನ ಕಾವಲುಂಟು; ಅದು ನನ್ನ ಮಾತು ಕೇಳುವಂಥದ್ದಲ್ಲ.

ಮೊನ್ನೆ ಅವಳ ಫೋನು ಬಂದಾಗ ನಾನು ಕುಕ್ಕರಿನ ಉರಿ ಸಣ್ಣ ಮಾಡಲಿಲ್ಲ. "ನಿನ್ನ ಕೋಣೆಯ ಸದ್ದು ನಂಗೂ ಬೇಕು" ಎಂದೆ.

"ಇಲ್ಲಿ ಎಂತ ಉಂಟು ಕೇಳ್ಲಿಕ್ಕೆ? ಏಸಿ ಒಂದು."

"ಅದೇ ಆಗ್ತದೆ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಏಸಿ ಗುಂಯ್‌ಗುಡುತ್ತಿತ್ತು. ಅದರ ನಡುವೆ ತಟ್ಟೆಗೆ ಚಮಚ ತಾಗುವ ಸದ್ದು. ಒಂದೇ ತಟ್ಟೆ, ಒಂದೇ ಚಮಚ. ನಾನೂ ತಟ್ಟೆ ಇಟ್ಟು ಅನ್ನ ಬಡಿಸಿಕೊಂಡೆ. ಊಟ ಆಯ್ತಾ ಎಂದು ಅವತ್ತು ಇಬ್ಬರೂ ಕೇಳಲಿಲ್ಲ.