ಚಿಕನ್ ಸೂಪಿನ ಡಬ್ಬ

ಅಮೆರಿಕದ ಕಾಲೇಜಿನಲ್ಲಿ ನಾನು ಸೇರಿದ್ದ ಸೊರೊರಿಟಿ, ಅಂದರೆ ಹುಡುಗಿಯರ ಸಂಘ, ಎಲ್ಲರೂ ಸೇವೆ ಮಾಡಲೇಬೇಕೆಂದು ನಿಯಮ ಮಾಡಿತ್ತು. ಒಂದೇ ಬಣ್ಣದ ಟಿ-ಶರ್ಟ್ ತೊಟ್ಟು ಸಮರ್‌ಸೆಟ್ ಊರಿನಲ್ಲಿ ಇಲ್ಲದವರಿಗೆ ದಿನಸಿ ಪುಕ್ಕಟೆ ಹಂಚುವ ಫುಡ್ ಪ್ಯಾಂಟ್ರಿಗೆ ಸೂಪಿನ ಡಬ್ಬಗಳನ್ನು ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಿದ್ದೆವು.

ಒಂದು ಶನಿವಾರ ನಾನು ಅಲ್ಲಿ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕನ್ನಡ ಕಿವಿಗೆ ಬಿದ್ದು, ಸೀರೆಯ ಮೇಲೆ ಜಾಕೆಟ್ ಹಾಕಿದ್ದ ಆಂಟಿಯೊಬ್ಬರು ಹತ್ತಿರ ಬಂದರು. ನಾನು ತಂದಿದ್ದ ಡಬ್ಬವನ್ನೇ ಹಿಡಿದಿದ್ದರು.

“ಇದ್ರಾಗ ಕೋಳಿ ಐತೇನವಾ?”

“ಹೂಂ ಆಂಟಿ.”

ಅವರು ಅದನ್ನು ಮೆಲ್ಲಗೆ ಕಪಾಟಿನಲ್ಲಿಟ್ಟು ಬರಿಗೈಯಲ್ಲಿ ಹೋದರು. ನಮ್ಮ ಮನೆಯಲ್ಲೂ ಯಾರೂ ಮುಟ್ಟದ್ದನ್ನು ನಾನೇ ಆರಿಸಿ ತಂದಿದ್ದೆ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

ಇನ್ನು ಮೇಲೆ ಅಕ್ಕಿ, ತೊಗರಿಬೇಳೆಯನ್ನೂ ಕೊಡಬೇಕೆಂದು ಸಂಘದ ಮೀಟಿಂಗ್‌ನಲ್ಲಿ ಹಟ ಹಿಡಿದೆ. ಡಬ್ಬವೇ ಸುಲಭ ಎಂದಳು ಅಧ್ಯಕ್ಷೆ. ನಾನು ಬಿಡಲಿಲ್ಲ. ಪ್ರತಿ ಶನಿವಾರವೂ ಹೋಗಿ, ಏನು ಬೇಕೆಂದು ಬಂದವರನ್ನೇ ಕೇಳಿ ಬರೆದುಕೊಂಡೆ. ಕೊನೆಗೆ ಅವಳೇ ಸೋತಳು.

ತಿಂಗಳಾದ ಮೇಲೆ ಆ ಆಂಟಿ ಬೇಳೆಯ ಪ್ಯಾಕೆಟ್ ಎತ್ತಿಕೊಳ್ಳುವಾಗ ಅಧ್ಯಕ್ಷೆ ಫೋಟೊ ತೆಗೆಯಲು ಫೋನ್ ಎತ್ತಿದಳು. ನಾನು ಅಕ್ಕಿಯ ಚೀಲವನ್ನು ಅವಳ ತೋಳಿಗೆ ಹೇರಿದೆ.

“ಫೋನ್ ಒಳಗಿಡು. ಆಂಟಿ ಜೊತೆ ಬಸ್ ಸ್ಟಾಪ್‌ವರೆಗೆ ಇದನ್ನ ಹೊತ್ಕೊಂಡು ಹೋಗು.”