ಬೀಗ ಹಾಕಿದ ಇಪ್ಪತ್ತಮೂರು ಮನೆ

ಬಡತನದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಬಡವರು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ, ಆ ದುಡಿಮೆಯಲ್ಲಿ ಎಷ್ಟು ಪಾಲು ಸರ್ಕಾರದ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದು, ಅದನ್ನು ಯೋಜನೆ ರೂಪಿಸುವವರ ಮೇಜಿನ ಮೇಲಿಟ್ಟು, ಅವರು ಓದಿ ಮುಗಿಸುವವರೆಗೂ ಎದುರಿನ ಕುರ್ಚಿ ಬಿಟ್ಟು ಏಳದೆ ಕುಳಿತವರು ನಮ್ಮ ಪ್ರೊಫೆಸರಮ್ಮನವರು. ಮೂವತ್ತೊಂದು ವರ್ಷಗಳ ಸೇವೆಯ ನಂತರ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಈ ಅಭಿನಂದನಾ ಗ್ರಂಥದಲ್ಲಿ ಶಿಷ್ಯರೆಲ್ಲ ಅವರ ಸಿದ್ಧಾಂತಗಳ ಬಗ್ಗೆ ಬರೆದಿದ್ದಾರೆ. ಹಳ್ಳಿಶಾಲೆಯಲ್ಲಿ ಓದು ನಿಲ್ಲಿಸಿದ ನನಗೆ ಸಿದ್ಧಾಂತ ತಿಳಿಯದು. ನಾನು ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಫಾರಂ ತುಂಬಿದ ಸಮೀಕ್ಷಕ.

ಅವರ ಸಂಶೋಧನಾ ಸಂಸ್ಥೆಗೆ ಕೆಲಸ ಕೇಳಿಕೊಂಡು ಹೋದ ದಿನ, ಒಳಗೆ ಬಿಡದ ಗುಮಾಸ್ತನ ಮೇಲೆ ನಾನು ಹರಿಹಾಯ್ದೆ. ಗಲಾಟೆ ಕೇಳಿ ಅವರೇ ಹೊರಗೆ ಬಂದರು.

“ಜಗಳ ಆಡೋಕೆ ಚೆನ್ನಾಗಿ ಬರುತ್ತೆ. ಪ್ರಶ್ನೆ ಕೇಳೋಕೆ ಬರುತ್ತಾ?”

“ಕಲಿಸಿದ್ರೆ ಬರುತ್ತೆ ಮೇಡಂ.”

ಕಲಿಸಿದರು. ನಿಂತುಕೊಂಡು ಪ್ರಶ್ನೆ ಕೇಳಬಾರದು. ಹೆಂಡತಿಯ ಕೆಲಸವನ್ನು ಗಂಡನ ಬಾಯಿಂದ ಬರೆದುಕೊಳ್ಳಬಾರದು. ಬೀಗ ಹಾಕಿದ ಮನೆಗೆ ಮೂರು ಸಲ, ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು, ಅದರ ಬದಲಿಗೆ ಪಕ್ಕದ ಮನೆಯನ್ನು ಸೇರಿಸಕೂಡದು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ನನ್ನ ಪಾಲಿನ ಬೀದಿಗಳನ್ನು ಅವರೇ ಸುತ್ತಿ, ನನ್ನ ಕೆಲಸ ಹಿಂದೆ ಬೀಳದಂತೆ ನೋಡಿಕೊಂಡರು. ಆಸ್ಪತ್ರೆಗೂ ಬಂದು, ಅರ್ಧ ಗಂಟೆ ಕುಳಿತು ಹೋದರು.

ಅಂಥವರಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿ, ದುಡಿಯುವ ತಾಯಂದಿರ ಮಕ್ಕಳಿಗಾಗಿ ಶಿಶುವಿಹಾರ ತೆರೆಯಬೇಕೇ ಬೇಡವೇ ಎಂದು ತೀರ್ಮಾನಿಸಲು ಸಮೀಕ್ಷೆ ನಡೆದಿತ್ತು. ನನ್ನ ಪಾಲಿಗೆ ಬಂದ ಮನೆಗಳಲ್ಲಿ ಇಪ್ಪತ್ತಮೂರಕ್ಕೆ ಬೀಗ. ಬೆಳಿಗ್ಗೆಯೇ ಮೇಲ್ವಿಚಾರಕನ ಜೊತೆ ಜಗಳವಾಡಿ ಬಂದಿದ್ದೆ. ಕೋಪ ಇನ್ನೂ ಮೂಗಿನ ತುದಿಯಲ್ಲಿತ್ತು. ಒಂದೇ ಸಲ, ಹನ್ನೊಂದು ಗಂಟೆಗೆ ಹೋಗಿ, ‘ಮೂರು ಸಲ ಭೇಟಿ’ ಎಂದು ಬರೆದು, ಬಾಗಿಲು ತೆರೆದಿದ್ದ ಪಕ್ಕದ ಮನೆಗಳಿಂದ ಫಾರಂ ತುಂಬಿದೆ. ಹನ್ನೊಂದು ಗಂಟೆಗೆ ಮನೆಯಲ್ಲಿ ಸಿಗುವ ಹೆಂಗಸು ಹೊರಗೆ ದುಡಿಯುವವಳಲ್ಲ ಎಂಬಷ್ಟು ಬುದ್ಧಿ ನನಗಿರಲಿಲ್ಲವೆಂದಲ್ಲ. ಬೇಕಿರಲಿಲ್ಲ. ಆ ಬೀದಿಯಲ್ಲಿ ದುಡಿಯುವ ತಾಯಂದಿರು ಕಡಿಮೆ ಎಂದು ವರದಿ ಹೇಳಿತು. ಶಿಶುವಿಹಾರ ಅನಗತ್ಯ ಎಂದು ಇಲಾಖೆ ಕಡತ ಮುಚ್ಚಿತು.

ಎರಡು ತಿಂಗಳ ಮೇಲೆ, ಅದೇ ಬೀದಿಯಲ್ಲಿದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸೊಬ್ಬಳು ಸಂಸ್ಥೆಗೇ ಬಂದಳು. ಪ್ರೊಫೆಸರಮ್ಮನವರ ಕೋಣೆಯಲ್ಲಿ ನಾನೂ ಇದ್ದೆ.

“ನೀನೇ ಅಲ್ವೇನಣ್ಣ ಬಂದಿದ್ದು? ಪಕ್ಕದ್ಮನೆಯೋರು ನಿನ್ನ ಗುರುತು ಹೇಳಿದ್ರು, ಒಂದೇ ಸಲ ಬಂದ ಅಂತಾನೂ ಹೇಳಿದ್ರು. ಕೆಲಸಕ್ಕೆ ಹೋಗೋ ಹೊತ್ತಲ್ಲಿ ಬಂದು ಕೆಲಸ ಮಾಡ್ತೀರಾ ಅಂತ ಕೇಳಿದ್ರೆ ಯಾರು ಹೇಳ್ಬೇಕು? ಬೀಗ ಹೇಳುತ್ತಾ?”

ಮರುದಿನ ಬೆಳಿಗ್ಗೆ ಆರಕ್ಕೆ ಪ್ರೊಫೆಸರಮ್ಮನವರು ನನ್ನನ್ನು ಕರೆದುಕೊಂಡು ಆಕೆಯ ಮನೆಗೆ ಹೋದರು. ಆಕೆ ಕೆಲಸಕ್ಕೆ ಹೊರಟಿದ್ದಳು. ಎರಡು ವರ್ಷದ ಮಗಳ ಸೊಂಟಕ್ಕೆ ಹಳೆಯ ಬಟ್ಟೆಯ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿಯುತ್ತಿದ್ದಳು. “ಒಲೆ ಹತ್ರ ಹೋಗ್ಬಾರ್ದಲ್ಲಮ್ಮ, ಅದಕ್ಕೆ,” ಎಂದಳು, ತಪ್ಪು ತನ್ನದೇ ಎಂಬಂತೆ.

ವಾಪಸು ಬರುವ ದಾರಿಯುದ್ದಕ್ಕೂ ಪ್ರೊಫೆಸರಮ್ಮನವರು ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಇಲಾಖೆಗೆ ಪತ್ರ ಬರೆದರು: “ವರದಿ ತಪ್ಪು, ಮೇಲ್ವಿಚಾರಣೆಯ ಲೋಪ ನನ್ನದು.” ಸರ್ಕಾರದ ಸಲಹಾ ಸಮಿತಿಯಿಂದ ಅವರ ಹೆಸರು ಹೋಯಿತು. ಪತ್ರಿಕೆಯೊಂದು, ಮನೆ ಎಣಿಸಲು ಬಾರದವರು ದೇಶದ ನೀತಿ ಹೇಳಲು ಹೊರಟಿದ್ದಾರೆಂದು ಗೇಲಿ ಮಾಡಿತು. ಫಾರಂ ತುಂಬಿದವರು ಯಾರೆಂದು ಸಹೋದ್ಯೋಗಿಗಳು ಎಷ್ಟು ಕೇಳಿದರೂ ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮರುಸಮೀಕ್ಷೆಗೆ ಅವರು ನನ್ನನ್ನೇ ಕಳಿಸಿದರು.

“ಬೇರೆಯೋರನ್ನ ಕಳಿಸಿ ಮೇಡಂ. ನನಗೆ ಮುಖ ಇಲ್ಲ.”

“ಮುಖ ಯಾರು ಕೇಳಿದ್ರು? ಫಾರಂ ತಗೊಂಡು ಹೋಗು.”

ಹನ್ನೊಂದು ತಿಂಗಳಿಗೆ ಶಿಶುವಿಹಾರ ತೆರೆಯಿತು. ಸಮಿತಿ ಮಾತ್ರ ಅವರನ್ನು ಮತ್ತೆ ಕರೆಯಲೇ ಇಲ್ಲ.

ನಾನು ಇದನ್ನು ಬರೆಯುತ್ತೇನೆಂದು ತಿಳಿದು ಹೋದ ವಾರ ಅವರು ಫೋನ್ ಮಾಡಿದ್ದರು: “ಬೇಡಪ್ಪ, ಸಂತೋಷದ ಪುಸ್ತಕ ಅದು. ಹಳೇದನ್ನ ಯಾಕೆ ಕೆದಕ್ತೀಯ?” ನಡೆದದ್ದು ಅವರಿಗೆ ಗೊತ್ತಿರುವಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೊದಲ ಸಮೀಕ್ಷೆಯ ದಿನ ಹನ್ನೊಂದು ಗಂಟೆಗೆ ನಾನು ಆ ಬಟ್ಟೆ ಒಗೆಯುವವಳ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ “ಅಮ್ಮಾ” ಎಂದು ಕೇಳಿಸಿತ್ತು. ಎರಡು ಸಲ. ಬಾಗಿಲಿಗೆ ಹೊರಗಿನಿಂದ ಬೀಗ ಇತ್ತು. ನಾನು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದು ಮುಂದಿನ ಮನೆಗೆ ನಡೆದೆ. ಇದನ್ನು ಹದಿನಾಲ್ಕು ವರ್ಷ ಯಾರಿಗೂ ಹೇಳಿಲ್ಲ, ಅವರಿಗೂ.

ಪ್ರೊಫೆಸರಮ್ಮನವರು ಗಟ್ಟಿಮುಟ್ಟಾಗಿ ಬಹುಕಾಲ ಬಾಳಲಿ. ಕುರ್ಚಿ ಬಿಟ್ಟರೂ ಬೀದಿ ಬಿಡುವುದಿಲ್ಲ, ಮುಂದಿನ ತಿಂಗಳಿಂದಲೇ ಹೊಸ ಸಮೀಕ್ಷೆ ಎಂದಿದ್ದಾರೆ; ಅದು ಅವರ ಕೈಯಲ್ಲೇ ನೆರವೇರಲಿ. ಅವರ ಚೀಲ ಹೊತ್ತು ಹಿಂದೆ ನಡೆಯಲು ನಾನು ಸಿದ್ಧನಿದ್ದೇನೆ, ಇದನ್ನು ಓದಿದ ಮೇಲೂ ಅವರು ನನ್ನನ್ನು ಕರೆದರೆ.