ಕೊಚ್ಚಿ ತೋರಿಸಿದ ಅಕ್ಕ

ಅಕ್ಕನ ಅಂಗೈಗಳು ಎಷ್ಟು ಉಜ್ಜಿದರೂ ಬೆಳ್ಳಗಾಗುತ್ತಿರಲಿಲ್ಲ. ಹಸಿ ಹೊಗೆಸೊಪ್ಪಿನ ಅಂಟು ಬೆರಳ ಗೆರೆಗಳಿಗೆ ಇಳಿದು ಡಾಂಬರಿನ ಹಾಗೆ ಕರ್ರಗೆ ಕೂತಿತ್ತು. ಹೊರಗಿನವರು ಬಂದರೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾತಾಡುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರಿಂದ ಹನಗೋಡಿನ ಹತ್ತಿರದ ನಮ್ಮ ಮನೆಗೆ ನನಗಿಂತ ಬಹಳ ಮೊದಲೇ ಸೊಸೆಯಾಗಿ ಬಂದವಳು.

ಅವಳಷ್ಟು ಪುಕ್ಕಲಿಯನ್ನು ನಾನು ಕಂಡಿಲ್ಲ. ಗುಡುಗಿದರೆ ಅಡುಗೆಮನೆಯ ಮೂಲೆಯಲ್ಲಿ ಕಿವಿ ಮುಚ್ಚಿ ಕೂರುವಳು. ಲಕ್ಷ್ಮಣತೀರ್ಥ ತುಂಬಿ ಹರಿಯುವಾಗ ಹೊಳೆಯ ಕಡೆ ತಲೆ ಹಾಕುತ್ತಿರಲಿಲ್ಲ. ಬಸ್ಸು ಸೇತುವೆ ದಾಟುವಷ್ಟು ಹೊತ್ತೂ ಕಣ್ಣು ಮುಚ್ಚಿ ತೌರಿನ ದೇವತೆ ಚಿಕ್ಕದೇವಮ್ಮನನ್ನು ನೆನೆಯುವಳು. ಮಕ್ಕಳು ನಗಾಡಿದರೆ ಅವಳಿಗೇನೂ ಬೇಜಾರಿಲ್ಲ.

"ಎದ್ರಿಕೆ ಅನ್ನೋದು ಬೀದಿನಾಯಿ ಇದ್ದಂಗೆ ಕಣ್ರಲಾ. ಓಡುದ್ರೆ ಅಟ್ಟಿಸ್ಕೊಂಡ್ ಬತ್ತದೆ, ನಿಂತ್ರೆ ಮೂಸ್ಬುಟ್ಟು ಓಯ್ತದೆ" ಎನ್ನುವಳು. ಹೀಗೆ ಹೇಳುತ್ತಿದ್ದವಳೇ ಎಲ್ಲರಿಗಿಂತ ಮೊದಲು ಓಡುತ್ತಿದ್ದಳು.

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನನ್ನ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಹುಣಸೂರಿನ ಡಾಕ್ಟರಮ್ಮ ಮುಟ್ಟಿ ನೋಡಿ ಕೈ ತೊಳೆದುಕೊಂಡರು. ಆಮೇಲೆ, "ದೊಡ್ಡ ಆಸ್ಪತ್ರೆಗೆ ತೋರಿಸಿ, ತಡ ಮಾಡಬೇಡಿ" ಎಂದರು. ಮೊದಲು ಹೇಳಿದ್ದು ಅಕ್ಕನಿಗೆ. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೈಸೂರಿಗೆ ಹೋಗಲು ನಾನು ಒಪ್ಪಲಿಲ್ಲ. ಅಲ್ಲಿ ಬೀದಿಗೊಬ್ಬರು ನೆಂಟರು. ಸಂಜೆಯೊಳಗೆ ಸುದ್ದಿ ಊರು ತಲುಪುತ್ತಿತ್ತು, ವಯಸ್ಸಿಗೆ ಬಂದ ಮಗಳಿದ್ದಳು. ನಮ್ಮ ಒಂದು ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಮಲಯಾಳಿ ರೈತರೊಬ್ಬರ ತಂಗಿ ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅಲ್ಲಿಗೇ ಹೋಗುವುದೆಂದಾಯಿತು.

ಆದರೆ ಯಾರು ಜೊತೆಗೆ ಬರುವುದು? ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಗಂಡಸರಿಬ್ಬರೂ ಹಗಲೂ ರಾತ್ರಿ ಬೆಂಕಿ ಕಾಯಬೇಕು.

"ನಾನೋಯ್ತೀನಿ" ಎಂದಳು ಅಕ್ಕ.

ನನ್ನ ಗಂಡ ಕಣ್ಣು ಬಿಟ್ಟರು. "ಅತ್ಗೆ, ನೀವು ಮೈಸೂರ್ಗೇ ಒಬ್ರೇ ಓದೋರಲ್ಲ."

"ಒಬ್ಳೇ ಎಲ್ಲೋಯ್ತೀನಪ್ಪ? ಇವ್ಳಿಲ್ವಾ?"

ಕುಟ್ಟದ ಗಡಿ ದಾಟಿ ಘಟ್ಟವಿಳಿಯುವಾಗ ಪ್ರತಿ ತಿರುವಿನಲ್ಲೂ ಅವಳು ನನ್ನ ಮೊಣಕೈ ಹಿಸುಕುತ್ತಿದ್ದಳು. ಕೊಚ್ಚಿಯಲ್ಲಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಮೂರನೇ ದಿನ ಬರಲು ಹೇಳಿದರು. ನರ್ಸಿನ ಬಾಡಿಗೆ ಕೋಣೆಯಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಕಣ್ಣು ಮುಚ್ಚಿದರೆ, ನಾನಿಲ್ಲದ ಮನೆಯಲ್ಲಿ ಮಗಳು ತಾನೇ ತಲೆ ಬಾಚಿಕೊಳ್ಳುವುದು ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಅಕ್ಕ ನರ್ಸನ್ನು ಕೇಳಿದಳು: "ಈ ಊರ್ನಲ್ಲಿ ನೋಡೋ ಅಂತದ್ದು ಏನದವ್ವಾ?"

ಮೈಸೂರಿನಲ್ಲಿ ಓದಿದ್ದ ಆ ಹುಡುಗಿಗೆ ಕನ್ನಡ ಬರುತ್ತಿತ್ತು. "ತುಂಬಾ ಇದೆ ಚೇಚಿ. ಬೋಟಲ್ಲಿ ಹೋಗಬೇಕು" ಎಂದಳು. ಚೇಚಿ ಎಂದರೆ ಅವರಲ್ಲಿ ಅಕ್ಕ.

ಬೋಟು ಎಂದದ್ದೇ ಅಕ್ಕ ಚಿಕ್ಕದೇವಮ್ಮನನ್ನು ನೆನೆದಳು. ಆದರೂ ನನ್ನ ಹೊದಿಕೆ ಎಳೆದಳು. "ಏಳಮ್ಮಿ. ಇಲ್ಲಿ ಗ್ವಾಡೆ ನೋಡ್ಕೊಂಡ್ ಸಾಯೋ ಬದ್ಲು ಅಲ್ಲೋಗಿ ನೀರ್ನಾರ ನೋಡಾಣ."

ಫೋರ್ಟ್ ಕೊಚ್ಚಿಗೆ ದಾಟುವಷ್ಟು ಹೊತ್ತೂ ಅವಳು ಬೋಟಿನ ಕಂಬವನ್ನು ತಬ್ಬಿ ನಿಂತಿದ್ದಳು. ಪಕ್ಕದಲ್ಲಿ ಮನೆಗಿಂತ ಎತ್ತರದ ಹಡಗೊಂದು ಹಾದುಹೋಗಿ ಅಲೆ ಎದ್ದಾಗ, "ತಾಯೀ, ಮುಳುಗ್ಸುದ್ರೆ ಇಬ್ರುನ್ನೂ ಒಟ್ಗೇ ಮುಳುಗ್ಸು" ಎಂದು ಗಟ್ಟಿಯಾಗಿಯೇ ಹೇಳಿದಳು. ನನಗೂ ಎದೆ ಡವಗುಟ್ಟುತ್ತಿತ್ತು. ಆದರೆ ಅದು ನೀರಿನ ಭಯ. ಎಷ್ಟೋ ದಿನಗಳ ಮೇಲೆ ಗಂಟಿನದಲ್ಲದ ಭಯವೊಂದು ಬಂದಿತ್ತು.

ದಡದಲ್ಲಿ ಮರದ ತೊಲೆಗಳಿಗೆ ಕಟ್ಟಿದ ದೊಡ್ಡ ದೊಡ್ಡ ಚೀನಾ ಬಲೆಗಳು ನೀರಿಗಿಳಿದು ಏಳುತ್ತಿದ್ದವು. ಮೀನುಗಾರರು ನೋಡಲು ಬಂದವರನ್ನೂ ಹಗ್ಗ ಎಳೆಯಲು ಕರೆಯುತ್ತಿದ್ದರು. ಅಕ್ಕ ಸೆರಗು ಸಿಕ್ಕಿಸಿ, ಸುತ್ತಿಟ್ಟಿದ್ದ ಕೈಗಳನ್ನು ಹೊರತೆಗೆದು ಹಗ್ಗ ಹಿಡಿದಳು. ಬ್ಯಾರನ್ನಿಗೆ ಸೊಪ್ಪು ಕಟ್ಟಿದ ಭಾರದ ಕಡ್ಡಿಗಳನ್ನು ಏರಿಸಿದ ರಟ್ಟೆಗಳು. ಮೀನುಗಾರರು ಹೋ ಎಂದು ಕೂಗಿದರು. ಮೇಲೆದ್ದ ಬಲೆಯಲ್ಲಿ ಬೆರಳುದ್ದದ ನಾಲ್ಕು ಮೀನು.

"ಇಷ್ಟಗಲ ಬಲೆಗೆ ಇಷ್ಟೇಯಾ?" ಎಂದು ಅವರನ್ನೇ ದಬಾಯಿಸಿದಳು.

ಅಲ್ಲಿಂದ ಮಟ್ಟಂಚೇರಿಗೆ ಹೋದೆವು. ಯೆಹೂದಿಗಳ ಹಳೆಯ ಪ್ರಾರ್ಥನಾಮಂದಿರದ ನೆಲಕ್ಕೆಲ್ಲ ನೀಲಿ ಚಿತ್ತಾರದ ಪಿಂಗಾಣಿ ಬಿಲ್ಲೆಗಳು. ತುಳಿಯಲು ಮನಸ್ಸಾಗದೆ ಅಕ್ಕ ಬಾಗಿಲಲ್ಲೇ ನಿಂತಳು. ಹಳೆಯ ಅರಮನೆಯ ಮಬ್ಬು ಕೋಣೆಯಲ್ಲಿ ಗೋಡೆಯ ತುಂಬ ರಾಮಾಯಣ. ಒಂದು ಕಡೆ ದಶರಥನ ರಾಣಿಯರು ಮಕ್ಕಳನ್ನು ಹೆರುತ್ತಿದ್ದ ಚಿತ್ರವಿತ್ತು. ಅದನ್ನು ನೋಡುತ್ತಲೇ ಮಗಳಿಗೆ ಹಾಲೂಡಿಸಿದ್ದ ಎದೆ ಇದೇ ಅನ್ನಿಸಿ, ನೆಲಕ್ಕೆ ಕುಸಿದು ಬಾಯಿಗೆ ಸೆರಗು ತುರುಕಿಕೊಂಡೆ. ಕಾವಲಿನವನು ಓಡಿಬಂದು ಮಲಯಾಳದಲ್ಲಿ ಏನೋ ಕೇಳಿದ. ಅಕ್ಕ ನನಗೂ ಜನರಿಗೂ ನಡುವೆ ಅಡ್ಡ ನಿಂತಳು.

"ತಲೆ ಸುತ್ತು ಕಣಪ್ಪಾ. ಒಂದು ಗಳಿಗೆ ಬುಟ್ಬುಡು" ಎಂದಳು.

ಅವನಿಗೆ ಏನು ಅರ್ಥವಾಯಿತೋ, ನೀರು ತಂದುಕೊಟ್ಟ. ಅಕ್ಕ ನನಗೆ ಧೈರ್ಯ ಹೇಳಲಿಲ್ಲ. ಏನೂ ಆಗುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಏಳುವ ತನಕ ಹಾಗೇ ನಿಂತಿದ್ದಳು.

ಸಂಜೆ ಕಥಕಳಿ. ಆಟಕ್ಕೆ ಮುಂಚೆ ವೇಷಧಾರಿಗಳು ನಮ್ಮ ಕಣ್ಣೆದುರೇ ಬಣ್ಣ ಹಚ್ಚಿಕೊಂಡರು. ನಡುವಯಸ್ಸಿನ ಒಬ್ಬ ಮನುಷ್ಯ ಕೆಂಪು ಗಡ್ಡದ ರಾಕ್ಷಸನಾಗುವುದನ್ನು ಅಕ್ಕ ಪೂರ್ತಿ ನೋಡಿದಳು. ಆಮೇಲೆ ಚೆಂಡೆ ಮೊಳಗಿ ಅವನು ತೆರೆಯ ಹಿಂದಿನಿಂದ ಅಬ್ಬರಿಸಿದ. ಅಕ್ಕ ಕಿಟಾರನೆ ಕಿರುಚಿ ನನ್ನ ಹೆಗಲಿಗೆ ಮುಖ ಹುದುಗಿಸಿದಳು. ಸುತ್ತಲಿದ್ದ ವಿದೇಶಿಯರು ತಿರುಗಿ ನೋಡಿದರು.

"ಬಣ್ಣ ಬಳ್ಕೊಳ್ಳೋವಾಗ ನೋಡಿವ್ನಿ ಕಣಮ್ಮಿ, ಅವ್ನು ಮನುಷ್ಯನೇಯ. ಗೊತ್ತಿದ್ರೂವೆ ಎದ್ರಿಕೆ ಆಯ್ತದಲ್ಲೇ!"

ನಾನು ನಕ್ಕುಬಿಟ್ಟೆ. ಗಂಟು ಕೈಗೆ ಸಿಕ್ಕಿದ ಮೇಲೆ ನಕ್ಕದ್ದು ಅದೇ ಮೊದಲು. ನಗು ನಿಂತ ಕೂಡಲೇ ನಾಳೆ ಬೆಳಿಗ್ಗೆ ಆಸ್ಪತ್ರೆ ಎಂಬುದು ನೆನಪಾಯಿತು.

ಬೆಳಿಗ್ಗೆ ಡಾಕ್ಟರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು, ನರ್ಸ್ ಹುಡುಗಿ ಕನ್ನಡದಲ್ಲಿ ಹೇಳಿದಳು. ಅದು ಕ್ಯಾನ್ಸರೇ. ಆದರೆ ಸಣ್ಣದಿದೆ, ಬೇರೆ ಕಡೆ ಹರಡಿದಂತಿಲ್ಲ, ಬೇಗ ಬಂದಿದ್ದೀರಿ. ಬೇಗ ಬಂದಿದ್ದೀರಿ ಎಂಬ ಮಾತು ಕೇಳಿದ್ದೇ ಅಕ್ಕ ಎದ್ದು ಹೊರಗೆ ಹೋದಳು. ನಾನು ಹೋಗಿ ನೋಡಿದರೆ ಮೆಟ್ಟಿಲಲ್ಲಿ ಕೂತು ಬಿಕ್ಕುತ್ತಿದ್ದಳು.

"ನಮ್ಮವ್ವುಂಗೂ ಇಂಗೇ ಗಂಟಾಗಿತ್ತು ಕಣಮ್ಮಿ. ನಂಗೊಬ್ಳಿಗೇ ತೋರ್ಸಿದ್ಲು. ನಂಗೆ ಎದ್ರಿಕೆ ಆಗಿ ಯಾರ್ಗೂ ಯೋಳ್ದೆ ಸುಮ್ಕಿದ್ಬುಟ್ಟೆ. ಗಾಯ ಒಡುದು ವಾಸ್ನೆ ಬಂದಾಗ್ಲೇ ಅಪ್ಪುಂಗೆ ಗೊತ್ತಾಗಿದ್ದು."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಅವಳ ಗಂಡನ ಹತ್ತಿರ ಕೂಡ.

ಆಪರೇಷನ್ ಅಲ್ಲೇ ಆಯಿತು. ಮುಂದಿನ ಚಿಕಿತ್ಸೆಗೆ ಮೈಸೂರಿಗೇ ಹೋದೆವು. ಅಷ್ಟರಲ್ಲಿ ನೆಂಟರ ಭಯ ನನಗೆ ಕಳೆದಿತ್ತು. ಕೂದಲು ಉದುರಿದಾಗ ಅಕ್ಕನೇ ತನ್ನ ಹೊಸ ಸೀರೆ ಹರಿದು ತಲೆಗೆ ಕಟ್ಟಿದಳು. ಇವತ್ತಿಗೂ ನಾನು ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತೇನೆ. ಬದುಕಿದ್ದೇನೆ. ಮಗಳ ಮದುವೆ ಮಾಡಿದ್ದೇನೆ.

ಹೋದ ವರ್ಷ ಅಕ್ಕನಿಗೆ ಹೃದಯದ ತೊಂದರೆ ಕಾಣಿಸಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ಹೆಚ್ಚು ಹೊತ್ತಿಲ್ಲ ಎಂದಿದ್ದರು. ನಾನು ಮುಖ ತೊಳೆದು, ಏನೂ ಗೊತ್ತಿಲ್ಲದವಳಂತೆ ಒಳಗೆ ಬಂದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ನಂಗೆ ಎದ್ರಿಕೆ ಆಯ್ತಾದೆ ಕಣಮ್ಮಿ. ನಿಂಗೂ ಆಯ್ತಾದಾ?"

ಇಲ್ಲ ಎನ್ನಲು ಹೊರಟವಳು ಹೇಳಲಾರದೆ ಹೋದೆ. "ಹೂಂ ಅಕ್ಕ, ನಂಗೂ" ಎಂದೆ.

"ಸರಿ ಬುಡು. ಇಬ್ರೂ ಎದ್ರುಕೊಂಡೇ ಇರಾಣ" ಎಂದು ಮಂಚದ ಒಂದು ಬದಿಗೆ ಸರಿದು ನನಗೆ ಜಾಗ ಮಾಡಿಕೊಟ್ಟಳು.

ಆ ಚೂರು ಜಾಗದಲ್ಲಿ ಅವಳಿಗೆ ಒತ್ತಿಕೊಂಡು ಕೂತೆ. ಮಧ್ಯಾಹ್ನ ನರ್ಸ್ ಬಂದು, ಅವಳ ಮೂಗಿನ ಕೊಳವೆ ತೆಗೆದು, ನನ್ನ ಭುಜ ಮುಟ್ಟಿ ಏಳಿಸುವ ತನಕವೂ ಕೂತೇ ಇದ್ದೆ.